ನಿಂತ ನೀರಿನ ಪರೀಕ್ಷೆ

ಭಾನುವಾರ ಬೆಳಿಗ್ಗೆ ಕುರುಗೋಡಿನ ಮಟನ್ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮೊದಲ ಗಿರಾಕಿಯಾಗಿ ನಾನು ನಿಂತಿರುತ್ತಿದ್ದೆ, ಕೈಯಲ್ಲೊಂದು ನೀಲಿ ಐಸ್ ಡಬ್ಬಿ. ನಮ್ಮದು ಬಸವೇಶ್ವರ ಗುಡಿ ಓಣಿಯ ಲಿಂಗಾಯತರ ಮನೆ. ಅಪ್ಪ ಶಾಲಾ ಮಾಸ್ತರರು. ಮನೆಯೊಳಗೆ ಮೊಟ್ಟೆಯ ಹೆಸರು ತೆಗೆದರೂ ಅಜ್ಜಿ ಮತ್ತೊಮ್ಮೆ ವಿಭೂತಿ ಹಚ್ಚಿಕೊಳ್ಳುತ್ತಿದ್ದಳು. ಅಂಥ ಮನೆಯ ಹುಡುಗಿ ವಾರವಾರ ಖಂಡದಂಗಡಿಯ ಮುಂದೆ ನಿಂತರೆ ಊರು ಸುಮ್ಮನಿರುತ್ತದೆಯೇ? ಹಾಲಿನವನು ನೋಡಿದ, ಹೂವಿನವಳು ನೋಡಿದಳು, ಎರಡನೆಯ ವಾರಕ್ಕೆ ಗುಡಿಯ ಕಟ್ಟೆಯ ಮೇಲೆ ಮಾತಾಯಿತು. ಅವ್ವ ಒಂದು ದಿನ ರೊಟ್ಟಿ ತಟ್ಟುತ್ತ, ನನ್ನ ಕಡೆ ತಿರುಗದೆ ಕೇಳಿದಳು.

"ತಿನ್ನಾಕಂತೂ ಅಲ್ಲಲ್ಲ?"

"ಅಲ್ಲಬೇ. ಕೆಲಸಕ್ಕ."

"ಹಂಗಾದ್ರ ಆತು. ಡಬ್ಬಿ ಮಾತ್ರ ಅಡಗಿ ಮನಿಗೆ ತರಬ್ಯಾಡ."

ಆಮೇಲೆ ಅವ್ವ ಆ ವಿಷಯ ಎತ್ತಲಿಲ್ಲ. ಯಾರಾದರೂ ಎತ್ತಿದರೆ "ನನ್ನ ಮಗಳು ಕಿಡ್ನಿ ಡಾಕ್ಟರಕಿ ಅದಾಳ" ಎಂದು ಬಾಯಿ ಮುಚ್ಚಿಸುತ್ತಿದ್ದಳಂತೆ. ನಾನು ಡಾಕ್ಟರಕಿ ಆಗಿರಲಿಲ್ಲ. ಬಳ್ಳಾರಿಯ ಒಂದು ಆಸ್ಪತ್ರೆಯ ಮೇಲ್ಮಹಡಿಯ ಎರಡು ಕೋಣೆಗಳಲ್ಲಿ ನಡೆಯುತ್ತಿದ್ದ ಸಂಶೋಧನೆಯ ಕೆಲಸಗಾರಳು, ಅಷ್ಟೇ. ಆದರೂ ಅವ್ವನ ಆ ಸುಳ್ಳಿಗೆ ನಾನು ಇವತ್ತಿಗೂ ಋಣಿ.

ನಮ್ಮ ಕೆಲಸವನ್ನು ಹೇಳುವುದು ಸುಲಭ, ಮಾಡುವುದು ಕಷ್ಟ. ಕುರಿಯ ಮೂತ್ರಪಿಂಡವನ್ನು ತಂದು, ಅದರ ರಕ್ತನಾಳದೊಳಗೆ ಸಣ್ಣ ಕೊಳವೆ ಕೂರಿಸಿ, ದಿನಗಟ್ಟಲೆ ಸೋಪಿನ ನೀರು ಹರಿಸಬೇಕು. ಒಳಗಿನ ಜೀವಕೋಶಗಳೆಲ್ಲ ಕರಗಿ ಹೊರಗೆ ಹೋಗುತ್ತವೆ. ಕೊನೆಗೆ ಉಳಿಯುವುದು ಹಾಲುಬಿಳುಪಿನ ಒಂದು ಹಂದರ: ಅದೇ ಆಕಾರ, ಅದೇ ಗಾತ್ರ, ಕೂದಲಿಗಿಂತ ಸಣ್ಣ ರಕ್ತನಾಳಗಳ ಬಲೆಯೂ ಹಾಗೇ. ಮನೆಯವರೆಲ್ಲ ಖಾಲಿ ಮಾಡಿ ಗೋಡೆಗಳಷ್ಟೇ ನಿಂತ ಮನೆಯ ಹಾಗೆ. ಆ ನಾಳಗಳ ಒಳಮೈಗೆ ಹೊಸ ಜೀವಕೋಶಗಳ ಅಸ್ತರ ಕೊಡಬೇಕು. ಅಸ್ತರವಿಲ್ಲದ ಹಂದರದೊಳಗೆ ರಕ್ತ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಅಸ್ತರ ಸರಿಯಾಗಿ ಕೂತರೆ ಹರಿಯುತ್ತದೆ. ಮುಂದೆ ಎಂದಾದರೂ ಮನುಷ್ಯನಿಗೆ ಬದಲಿ ಅಂಗ ಬೆಳೆಸಿ ಕೊಡಬೇಕಾದರೆ ಮೊದಲು ದಾಟಬೇಕಾದ ಹೊಳೆ ಇದು. ರಕ್ತ ಓಡದ ಅಂಗ ಎಷ್ಟು ಚೆಂದ ಬೆಳೆದರೂ ಮಾಂಸದ ಮುದ್ದೆ.

ಹಣ ಕೊಟ್ಟ ಸಂಸ್ಥೆಯವರು ಒಂದೇ ಷರತ್ತು ಹಾಕಿದ್ದರು. ಆರು ತಿಂಗಳ ಮೇಲೆ ಅವರ ಸಮಿತಿ ಬರುತ್ತದೆ. ಅವರ ಕಣ್ಣೆದುರಿಗೆ ನಮ್ಮ ಮೂತ್ರಪಿಂಡದೊಳಗೆ ಒಂದು ಗಂಟೆ ರಕ್ತ ನಿಲ್ಲದೆ ಹರಿಯಬೇಕು. ಹರಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಎರಡೂ ಕೋಣೆಗಳು ಆಸ್ಪತ್ರೆಯ ಉಗ್ರಾಣಕ್ಕೆ ಸೇರುತ್ತವೆ. ನನ್ನ ಮಾರ್ಗದರ್ಶಕರಾದ ಪ್ರೊಫೆಸರಿಗೆ ನಿವೃತ್ತಿ ಹತ್ತಿರವಿತ್ತು, ನನಗೆ ಬೇರೆ ಕೆಲಸವಿರಲಿಲ್ಲ. ಆ ಒಂದು ಗಂಟೆಯ ಮೇಲೆಯೇ ನಮ್ಮಿಬ್ಬರ ಬದುಕು ಕೂತಿತ್ತು.

ಮೊದಲ ಪೆಟ್ಟು ಬಿದ್ದದ್ದು ಮಟನ್ ಅಂಗಡಿಯಲ್ಲೇ. ಅಂಗಡಿಯ ಚಾಚಾ ಅಪ್ಪನ ಹಳೆಯ ವಿದ್ಯಾರ್ಥಿ, ನಲವತ್ತರ ಹತ್ತಿರದ ನಿಧಾನದ ಮನುಷ್ಯ. ಬಳ್ಳಾರಿಯ ಕಸಾಯಿಖಾನೆಯ ಗದ್ದಲದಲ್ಲಿ ನನ್ನನ್ನು ಕೇಳುವವರಿರಲಿಲ್ಲ, ಅದಕ್ಕೇ ಇವರ ಹತ್ತಿರ ಹೋಗಿದ್ದೆ. "ನಮ್ಮ ಮಾಸ್ತರ ಮಗಳು, ತಗೋಳವಾ" ಎಂದು ಪ್ರೀತಿಯಿಂದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಬಳ್ಳಾರಿಗೆ ತಂದು ಬಿಚ್ಚಿದರೆ ಮೂತ್ರಪಿಂಡಗಳು ತೊಳೆದ ಆಲೂಗಡ್ಡೆಯಂತೆ ನುಣ್ಣಗೆ. ಕೊಬ್ಬು ಇಲ್ಲ, ಪೊರೆ ಇಲ್ಲ, ನನಗೆ ಬೇಕಾದ ರಕ್ತನಾಳದ ತುಂಡೂ ಇಲ್ಲ! ಬುಡಕ್ಕೆ ಕತ್ತರಿಸಿ ಹಾಕಿದ್ದರು. ಕೊಳವೆ ಕೂರಿಸುವುದು ಎಲ್ಲಿಗೆ?

ಮುಂದಿನ ವಾರ "ನಾಳ ಬಿಟ್ಟು ಕೊಡ್ರಿ ಚಾಚಾ" ಎಂದೆ. ಹೂಂ ಎಂದರು. ಮತ್ತೆ ಬುಡಕ್ಕೆ ಕತ್ತರಿಸಿದ್ದರು. ಮೂರನೆಯ ವಾರವೂ ಅದೇ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನಾಲ್ಕನೆಯ ವಾರ ಅಂಗಡಿಯ ಮುಂದೆ ಜನರಿದ್ದಾರೆಂಬುದನ್ನೂ ನೋಡದೆ, ಪೊಟ್ಟಣವನ್ನು ಹಲಗೆಯ ಮೇಲಿಟ್ಟು ಕೇಳಿದೆ, "ಏನ್ರಿ ಚಾಚಾ, ನನ್ನ ಮಾತು ನಿಮಗ ತಿಳೀವಲ್ದೇನು?"

ಚಾಚಾ ಕತ್ತಿ ಕೆಳಗಿಟ್ಟರು. ಮುಖ ಬಾಡಿಹೋಯಿತು. "ತಿಳಿತೈತವಾ. ಆದ್ರ ನೀವು ಲಿಂಗವಂತರ ಮಂದಿ. ಹೆಣ್ಮಗಳು ನೀನು. ನಾಳ, ನರ, ರಗತ ನೋಡಿ ಅಸಹ್ಯ ಆಕ್ಕೈತಿ ಅಂತ ನಾನ ಕೂತು ಎಲ್ಲಾ ಹಸನ ಮಾಡಿ ಕಟ್ಟೀನಿ. ಬ್ಯಾರೇ ಗಿರಾಕಿಗೆ ಇಷ್ಟು ಮಾಡಂಗಿಲ್ಲ."

ನಾಲ್ಕು ವಾರ ನನ್ನ ಕೆಲಸವನ್ನು ಹಾಳು ಮಾಡಿದ್ದು ಆ ಮನುಷ್ಯನ ಮರ್ಯಾದೆ. ನೆಲದ ಮೇಲೆ ಕೂತು, ಚೀಲದಲ್ಲಿದ್ದ ಪುಸ್ತಕದ ಚಿತ್ರ ತೋರಿಸಿ, ಈ ಅಸಹ್ಯವೇ ನನಗೆ ಬೇಕಾದದ್ದು ಎಂದು ಹೇಳಿದೆ. ಅಂದಿನಿಂದ ಅವರು ಎರಡು ಬೆರಳಗಲ ನಾಳ ಉಳಿಸಿ, ಅದಕ್ಕೊಂದು ಬಿಳಿ ದಾರ ಕಟ್ಟಿ, ಕುರಿ ಕೊಯ್ದ ಕೂಡಲೇ ನನ್ನನ್ನು ಒಳಗೆ ಕರೆಯುತ್ತಿದ್ದರು. ಹೆಪ್ಪುಗಟ್ಟುವ ಮೊದಲೇ, ಅಲ್ಲೇ ನಿಂತು, ನಾನು ಸಿರಿಂಜಿನಿಂದ ಔಷಧಿ ಬೆರೆಸಿದ ಉಪ್ಪುನೀರು ಬಿಡುತ್ತಿದ್ದೆ. ಮೂತ್ರಪಿಂಡ ಕಂದು ಬಣ್ಣದಿಂದ ತೆಳ್ಳಗೆ ಬಿಳಚಿಕೊಳ್ಳುವುದನ್ನು ಚಾಚಾ ಬಗ್ಗಿ ನೋಡುತ್ತಿದ್ದರು. ಆಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಳ್ಳಾರಿ ಬಸ್ಸು. ಕಂಡಕ್ಟರ್ "ಐಸ್‌ಕ್ರೀಮೇನ್ರಿ ಅಕ್ಕಾರ?" ಎಂದು ಕೇಳಿದರೆ ಹೌದೆನ್ನುತ್ತಿದ್ದೆ.

ಎರಡನೆಯ ಪೆಟ್ಟು ನನ್ನದೇ ಕೈಯಿಂದ. ಸೋಪಿನ ನೀರನ್ನು ಹನಿಹನಿಯಾಗಿ ಐದು ದಿನ ಬಿಡಬೇಕು. ಒಂದು ಮೂತ್ರಪಿಂಡ ಮೂರನೆಯ ದಿನವೂ ಗುಲಾಬಿ ಬಣ್ಣಕ್ಕೇ ಅಂಟಿಕೊಂಡು ಕೂತಿತ್ತು. ನನಗೆ ತಡೆಯಲಿಲ್ಲ, ಪಂಪಿನ ವೇಗ ಏರಿಸಿದೆ. ಹತ್ತು ನಿಮಿಷಕ್ಕೆ ಮೇಲ್ಮೈಯಲ್ಲಿ ಗುಳ್ಳೆ ಎದ್ದವು, ಒಳಗಿನ ಸಣ್ಣ ನಾಳಗಳು ಒಡೆದು ನೀರು ಎಲ್ಲೆಂದರಲ್ಲಿ ಸೋರಿತು. ನಮ್ಮ ಪ್ರೊಫೆಸರ್ ಸರ್ ಆಂಧ್ರದ ಗಡಿಯವರು. ಸಿಟ್ಟು ಬಂದಾಗಲೂ ಸಮಾಧಾನವಾದಾಗಲೂ ಅವರ ಬಾಯಲ್ಲಿ ಒಂದೇ ತೆಲುಗು ಮಾತು, 'ಚೂದ್ದಾಂ', ನೋಡೋಣ ಎಂದು. ಅಂದು ಅದನ್ನೂ ಹೇಳಲಿಲ್ಲ. ಒಂದು ಚೀಟಿಯ ಮೇಲೆ 'ಗುಂಡಿ ಮುಟ್ಟಬೇಡ' ಎಂದು ಬರೆದು ಪಂಪಿನ ಮೇಲೆ ಅಂಟಿಸಿ ಹೋದರು.

ಎರಡು ತಿಂಗಳು ಕಳೆದಾಗ ಚೊಕ್ಕ ಬಿಳಿ ಹಂದರಗಳು ಬರತೊಡಗಿದವು. ಬಣ್ಣದ ನೀರು ಬಿಟ್ಟರೆ ಮರದ ಕೊಂಬೆಗಳಂತೆ ತುದಿತನಕ ಹರಡಿ, ಆಚೆ ಕಡೆ ಹೊರಗೆ ಬರುತ್ತಿತ್ತು. ಕುರಿಯ ಕತ್ತಿನ ನಾಳದಿಂದ ಒಳಮೈಯ ಜೀವಕೋಶಗಳನ್ನು ಕೆರೆದು ತೆಗೆದು, ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಹಂದರದೊಳಗೆ ಬಿಟ್ಟೆವು. ಮೊದಲ ದಿನ ಅಂಟಿಕೊಂಡವು. ಎರಡನೆಯ ದಿನ ಹಿಡಿತ ಬಿಟ್ಟು ದುಂಡಗಾದವು. ಮೂರನೆಯ ದಿನ ಎಲ್ಲ ಸತ್ತು ನೀರಿನಲ್ಲಿ ತೇಲಿ ಬಂದವು. ಮತ್ತೆ ಮಾಡಿದೆವು, ಮತ್ತೆ ಸತ್ತವು. ಮೂರನೆಯ ಸಲವೂ ಅಷ್ಟೇ.

ಅವು ಅದಿರಿನ ಲಾರಿಗಳು ಬಳ್ಳಾರಿಯನ್ನು ಆಳುತ್ತಿದ್ದ ವರ್ಷಗಳು. ಗಾಂಧಿನಗರದಲ್ಲಿ ವಾರದ ದಿನಗಳಲ್ಲಿ ನಾನಿರುತ್ತಿದ್ದ ಬಾಡಿಗೆ ಕೋಣೆಯ ಕಿಟಕಿಗೆ ಹಾಕಿದ ಬಿಳಿ ಪರದೆ ವಾರದಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಒಣಗಿಸಿದ ಬಟ್ಟೆ ಕೆಂಪು, ಕುಡಿಯುವ ಲೋಟದ ತಳ ಕೆಂಪು, ಲ್ಯಾಬಿನ ಗಾಳಿಶೋಧಕದ ಜಾಳಿಗೆಯೂ ಕೆಂಪು. ಆಗ ಬಳ್ಳಾರಿಯಲ್ಲಿ ಏನು ಕೆಟ್ಟರೂ ಧೂಳಿನ ಮೇಲೆ ಹಾಕುವುದು ವಾಡಿಕೆ. ಕೆಮ್ಮು ಬಂದರೆ ಧೂಳು, ಟಿವಿ ಕೆಟ್ಟರೆ ಧೂಳು, ಹುಡುಗ ಪರೀಕ್ಷೆಯಲ್ಲಿ ನಪಾಸಾದರೂ ಧೂಳು. ನಾವು ಓದಿದವರು ಬೇರೆ ಮಾಡಿದೆವೇ? ಕಬ್ಬಿಣದ ಕಣಗಳು ಒಳಗೆ ಸೇರಿ ಜೀವಕೋಶಗಳನ್ನು ಕೊಲ್ಲುತ್ತಿವೆ ಎಂದು ಸರ್ ಹೇಳಿದರು, ನಾನು ತಲೆಯಾಡಿಸಿದೆ. ಧೂಳು ಹೋಗಲೆಂದು ಸೋಪನ್ನು ದುಪ್ಪಟ್ಟು ಮಾಡಿದೆವು. ಕ್ರಿಮಿ ಬೆಳೆಯದಿರಲೆಂದು ಕೊನೆಯ ಜಾಲಾಡಿಕೆಗೆ ಫ್ರಿಜ್ಜಿನ ತಣ್ಣೀರನ್ನೇ ಬಳಸಿದೆವು. ಹೀಗೆ ಒಂಬತ್ತು ಹಂದರಗಳನ್ನು ಸಿದ್ಧಪಡಿಸಿ ಸಾಲಾಗಿ ಜೋಡಿಸಿಟ್ಟೆವು. ಅವುಗಳಲ್ಲಿ ಎರಡಕ್ಕೆ ಜೀವಕೋಶ ಬಿಟ್ಟು ನೋಡಿದರೆ ಈ ಸಲ ಎರಡನೆಯ ದಿನಕ್ಕೇ ಸತ್ತವು. ಸಮಿತಿ ಬರಲು ಒಂಬತ್ತು ವಾರ ಉಳಿದಿತ್ತು.

ಚೆಕಿಂಗ್ ಅಕ್ಕನ ಪರಿಚಯವಾದದ್ದು ಕರೆಂಟ್ ಹೋದದ್ದರಿಂದ. ನಮ್ಮ ಮಹಡಿಗೆ ಜನರೇಟರ್ ಇರಲಿಲ್ಲ, ಕೆಳಗಿನ ಡಯಾಲಿಸಿಸ್ ವಾರ್ಡಿಗೆ ಇತ್ತು. ಮಧ್ಯಾಹ್ನ ಕರೆಂಟ್ ಹೋದ ಕೂಡಲೇ ನಾನು ಪಂಪು, ಪೆಟ್ಟಿಗೆ, ಬಾಟಲಿಗಳನ್ನು ಟ್ರಾಲಿಯ ಮೇಲೆ ಹೇರಿಕೊಂಡು ಕೆಳಗಿಳಿದು, ವಾರ್ಡಿನ ಮೂಲೆಯ ಪ್ಲಗ್ಗಿಗೆ ಚುಚ್ಚಿ ಕೂರುತ್ತಿದ್ದೆ. ಆ ಮೂಲೆಯ ಕುರ್ಚಿ ಆಕೆಯದು. ವಾರಕ್ಕೆರಡು ಸಲ ಸಿರುಗುಪ್ಪದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬುರ್ಖಾದ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿ, ಯಂತ್ರಕ್ಕೆ ಕೈಕೊಟ್ಟು ನಾಲ್ಕು ತಾಸು ಕೂತಿರಬೇಕು. ಬಳ್ಳಾರಿಯ ಒಂದು ಜೀನ್ಸ್ ತೊಳೆಯುವ ಘಟಕದಲ್ಲಿ ಹದಿನಾಲ್ಕು ವರ್ಷ ದುಡಿದಿದ್ದರು. ತೊಳೆದು ಬಂದ ಪ್ಯಾಂಟುಗಳನ್ನು ಒಂದೊಂದಾಗಿ ಹಿಡಿದು, ಮೂಸಿ, ಉಜ್ಜಿ ನೋಡಿ ಪಾಸು ಮಾಡುವ ಕೆಲಸ. ವಾರ್ಡಿನವರೆಲ್ಲ ಅವರನ್ನು ಚೆಕಿಂಗ್ ಅಕ್ಕ ಎಂದೇ ಕರೆಯುತ್ತಿದ್ದರು. ಈಗ ಆಕೆ ಇಲ್ಲ. ಇದ್ದಿದ್ದರೆ ಈ ಬರಹವನ್ನೂ ತಿರುಗಿಸಿ ಮುರುಗಿಸಿ ನೋಡಿ ಒಂದು ತಪ್ಪು ಹುಡುಕಿ ಕೊಡುತ್ತಿದ್ದರು.

ಮೊದಲ ದಿನವೇ ಕೇಳಿದರು. "ಅದು ಏನ್ರಿ, ಕಿಡ್ನಿ ಇದ್ದಂಗ ಐತಿ?"

"ಕುರಿದು. ತೊಳದೀವಿ."

"ಇದನ್ನ ನನಗ ಹಾಕಾಕ ಬರ್ತೈತೇನು?"

ಈ ಪ್ರಶ್ನೆ ಬಂದೇ ಬರುತ್ತದೆಂದು ನನಗೆ ಗೊತ್ತಿತ್ತು. ಏನಾದರೂ ಸಿಹಿಮಾತು ಹುಡುಕಬಹುದಿತ್ತು. "ಇಲ್ರಿ. ಭಾಳ ವರ್ಷ ಬೇಕು. ಇದು ಮೂತ್ರ ಮಾಡಂಗಿಲ್ಲ. ಇದರಾಗ ಒಂದು ತಾಸು ರಕ್ತ ಓಡಿದ್ರ ನಮಗ ಸಾಕು" ಎಂದೆ.

ಆಕೆ ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. "ಚಲೋ ಆತು ಬಿಡ್ರಿ, ಹೌದು ಅನ್ನಲಿಲ್ಲ. ಇಲ್ಲಿ ಎಲ್ಲಾರೂ ಹೌದು ಹೌದು ಅಂತಾರ" ಎಂದು ನಕ್ಕರು.

ನಾವಿಬ್ಬರೂ ಹತ್ತಿರವಾದದ್ದು ಆ 'ಇಲ್ಲ'ದಿಂದಲೇ. ಅವರ ಮುಂಗೈಯ ಒಳಗೆ ಡಾಕ್ಟರರು ಎರಡು ನಾಳಗಳನ್ನು ಸೇರಿಸಿ ಹೊಲಿದಿದ್ದರು, ಡಯಾಲಿಸಿಸ್ ಸೂಜಿ ಚುಚ್ಚಲೆಂದು. ಎಡಗೈಯದು ಒಮ್ಮೆ ಹೆಪ್ಪುಗಟ್ಟಿ ನಿಂತುಹೋಗಿತ್ತು. ಈಗಿದ್ದದ್ದು ಬಲಗೈಯದು. ದಿನಾ ಬೆಳಿಗ್ಗೆ ಎದ್ದ ಕೂಡಲೇ ಎರಡು ಬೆರಳಿಟ್ಟು ನೋಡಿಕೊಳ್ಳುತ್ತಾರಂತೆ. "ಜುಂ ಅಂದ್ರ ಓಡಾಕತ್ತೈತಿ ಅಂತ. ಮುಂದ ಕಟ್ಟಿಕೊಂಡ್ರ ಜುಂ ಹೋಗಿ, ಗುದ್ದಿದಂಗ ಬಡಿತೈತಿ. ನನಗ ಗಡಿಯಾರ ಬ್ಯಾಡ, ಇದ ನನ್ನ ಗಡಿಯಾರ" ಎಂದು ಹೇಳಿದ್ದರು.

ಎರಡನೆಯ ದಿನಕ್ಕೇ ಜೀವಕೋಶಗಳು ಸತ್ತ ವಾರ, ಅವರ ಪಕ್ಕ ಕೂತು ನಾನು ಧೂಳಿಗೆ ಶಾಪ ಹಾಕುತ್ತಿದ್ದೆ. ಆಕೆ ಎಲ್ಲ ಕೇಳಿಸಿಕೊಂಡು, ಎಡಗೈ ಚಾಚಿದರು. "ಒಂದು ಹಾಳಾದದ್ದು ಇದ್ರ ಕೊಡ್ರಿ, ಮುಟ್ಟತೀನಿ."

ಹೇಗೂ ಬಿಸಾಡುವ ಹಂದರವೊಂದಿತ್ತು, ಕೊಟ್ಟೆ. ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನಿಧಾನಕ್ಕೆ ಉಜ್ಜಿದರು. ಮೂಸಿದರು. ಮತ್ತೆ ಉಜ್ಜಿದರು.

"ಸೋಪು ಐತಿ."

"ಇಲ್ರಿ ಅಕ್ಕಾ, ಎರಡು ದಿನ ಜಾಲಿಸೀವಿ. ಕಡೇ ನೀರಿನಾಗ ನೊರೀನ ಬರಲಿಲ್ಲ. ಬರದಿಟ್ಟೀನಿ."

"ಓಡೋ ನೀರಿನಾಗ ಹೆಂಗ ಗೊತ್ತಾಗ್ತೈತ್ರಿ? ತೊಳಿಯೋ ಹುಡುಗರು ನಮಗೂ ಹಿಂಗ ಮೋಸ ಮಾಡತಿದ್ರು, ನೊರಿ ಇಲ್ಲ ಪಾಸ್ ಮಾಡ್ರಿ ಅಂತ. ನಾನು ಪ್ಯಾಂಟ್ ಬಕೀಟಿನಾಗ ನೆನಿ ಹಾಕಿ ಇಡತಿದ್ದೆ. ಸಂಜಿಗೆ ಆ ನಿಂತ ನೀರು ಬಾಟ್ಲಿಗೆ ಹಾಕಿ ಅಲ್ಲಾಡಿಸಬೇಕು. ಆಗ ನಿಜ ಹೇಳತೈತಿ. ಅದೂ ಅಲ್ಲದ, ಜಾಲಿಸಿದ್ದು ತಣ್ಣೀರಾಗಲ್ಲ?"

"ಹೌದು."

"ತಣ್ಣೀರಾಗ ಸೋಪು ಬಿಟ್ಟೀತೇನ್ರಿ? ಗಟ್ಟಿಯಾಗಿ ಒಳಗ ಕೂಡತೈತಿ. ಹೊಲಸು ತಗ್ಯಾಕ ಸೋಪು ಹಾಕಿದ್ರಿ, ಖರೆ. ಸೋಪು ತಗದವ್ರು ಯಾರು?"

ನನಗೆ ಮೊದಲು ಬಂದದ್ದು ಸಿಟ್ಟೇ. ಸ್ನಾತಕೋತ್ತರ ಪದವಿ ಪಡೆದವಳಿಗೆ ಪ್ಯಾಂಟಿನ ಪಾಠ! ಆದರೆ ಮಹಡಿ ಹತ್ತುವಷ್ಟರಲ್ಲಿ ಸೋಪಿನ ಬಾಟಲಿಯ ನೆನಪಾಯಿತು. ನಾವು ಬಳಸುತ್ತಿದ್ದ ಸೋಪು ತಣ್ಣಗಾದರೆ ಹರಳುಗಟ್ಟುತ್ತದೆ. ಚಳಿಗಾಲದಲ್ಲಿ ಬಾಟಲಿಯ ತಳದಲ್ಲಿ ಆ ಬಿಳಿ ಹರಳುಗಳನ್ನು ನಾನೇ ಎಷ್ಟು ಸಲ ನೋಡಿದ್ದೆ, ಬೆಚ್ಚಗೆ ಮಾಡಿ ಕರಗಿಸಿದ್ದೆ! ಅದೇ ಸೋಪಿನ ಮೇಲೆ ಫ್ರಿಜ್ಜಿನ ನೀರು ಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ, ಉಳಿದಿದ್ದ ಏಳು ಹಂದರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಒಂದನ್ನು ಆರಿಸಿಕೊಂಡೆ. ಒಳಗೆ ಬೆಚ್ಚಗಿನ ಶುದ್ಧ ನೀರು ತುಂಬಿ, ಪಂಪು ನಿಲ್ಲಿಸಿ, ಸಂಜೆಯವರೆಗೆ ಹಾಗೇ ಬಿಟ್ಟೆ. ಐದು ಗಂಟೆಗೆ ಆ ನೀರನ್ನು ಚಿಕ್ಕ ಬಾಟಲಿಗೆ ಇಳಿಸಿಕೊಂಡು, ಮುಚ್ಚಳ ಹಾಕಿ, ಸರ್ ಮೇಜಿನ ಮುಂದೆ ನಿಂತು ಅಲ್ಲಾಡಿಸಿದೆ. ಎರಡು ಬೆರಳಷ್ಟು ನೊರೆ ನಿಂತಿತು. ಇಬ್ಬರೂ ಅದು ಇಳಿಯುವುದನ್ನೇ ಕಾಯುತ್ತ ಕೂತೆವು, ಇಳಿಯಲಿಲ್ಲ.

"ಯಾರು ಹೇಳಿದ್ದು?" ಎಂದು ಕೇಳಿದರು. ಹೇಳಿದೆ. ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಧೂಳಿನ ಲೆಕ್ಕಾಚಾರ ಅವರದು, ದುಪ್ಪಟ್ಟು ಸೋಪೂ ಅವರದೇ ನಿರ್ಧಾರ. ಬೇರೆ ಪ್ರೊಫೆಸರ್ ಆಗಿದ್ದರೆ ನನ್ನನ್ನೇ ಬೈದು ಬಾಟಲಿಯನ್ನು ಚೆಲ್ಲಿಬಿಡುತ್ತಿದ್ದರು. ಇವರು ಕೇಳಿದ್ದು ಒಂದೇ ಮಾತು.

"ಈ ಏಳನ್ನ ಬಿಸಿನೀರಲ್ಲಿ ಮತ್ತೆ ಜಾಲಿಸಿ ಉಳಿಸಿಕೊಳ್ಳೋಣವೇ, ಇಲ್ಲಾ ಬಿಸಾಡಿ ಮೊದಲಿನಿಂದ ಶುರು ಮಾಡೋಣವೇ? ಎಂಟೂವರೆ ವಾರ ಅಷ್ಟೇ ಉಳಿದಿರೋದು."

ಉಳಿಸಿಕೊಳ್ಳುವ ಆಸೆ ನನಗೇ ಹೆಚ್ಚಿತ್ತು. ಒಂದೊಂದರ ಹಿಂದೆಯೂ ಒಂದೊಂದು ಭಾನುವಾರವಿತ್ತು, ಬಸ್ಸಿತ್ತು, ಊರ ಮಾತಿತ್ತು. ಆದರೆ ದುಪ್ಪಟ್ಟು ಸೋಪು ಹಂದರದ ನಾರನ್ನೇ ಎಷ್ಟು ತಿಂದಿದೆಯೋ ಯಾರಿಗೆ ಗೊತ್ತು. ಅಕ್ಕ ಇದನ್ನೂ ಹೇಳಿದ್ದರು: ಬ್ಲೀಚು ಹೆಚ್ಚಾದ ಪ್ಯಾಂಟು ನೋಡಲು ಚೆಂದವಿರುತ್ತದೆ, ಮೊಣಕಾಲು ಮಡಚಿದ ದಿನ ಹರಿಯುತ್ತದೆ. "ಬಿಸಾಡೋಣ ಸರ್" ಎಂದೆ.

"ಚೂದ್ದಾಂ" ಎಂದರು ಸರ್.

ಚಾಚಾ ಒಂದೇ ಭಾನುವಾರ ಮೂರು ಕುರಿಗಳಿಂದ ಆರಿಸಿ ಮೂರು ಮೂತ್ರಪಿಂಡ ಕೊಟ್ಟರು, ಮೂರಕ್ಕೂ ಬಿಳಿ ದಾರ. ಈ ಸಲ ಸೋಪು ಹಿಂದಿನದರ ಕಾಲು ಭಾಗ, ಏಳು ದಿನ, ನಿಧಾನ. ಆಮೇಲೆ ಬೆಚ್ಚಗಿನ ನೀರಿನ ಜಾಲಾಡಿಕೆ. ಹಗಲೆಲ್ಲ ಹರಿಸುವುದು, ಆಮೇಲೆ ಪಂಪು ನಿಲ್ಲಿಸಿ ನೆನೆಯಲು ಬಿಡುವುದು, ಬೆಳಿಗ್ಗೆ ಆ ನಿಂತ ನೀರನ್ನು ಬಾಟಲಿಗೆ ಹಾಕಿ ಅಲ್ಲಾಡಿಸುವುದು. ಮೊದಲ ದಿನ ಎರಡು ಬೆರಳು ನೊರೆ. ನಾಲ್ಕನೆಯ ದಿನ ಅರ್ಧ ಬೆರಳು. ಡಯಾಲಿಸಿಸ್ ದಿನಗಳಲ್ಲಿ ಬಾಟಲಿಗಳನ್ನು ಅಕ್ಕನ ಮುಂದೆ ಹಿಡಿಯುತ್ತಿದ್ದೆ. ಅವರು ಎಡಗೈಯಿಂದ ಅಲ್ಲಾಡಿಸಿ, ಬೆಳಕಿಗೆ ಹಿಡಿದು, "ಫೇಲ್" ಎನ್ನುತ್ತಿದ್ದರು. ಬೆಚ್ಚಗಿನ ನೀರಿನಲ್ಲಿ ಕ್ರಿಮಿ ಬೆಳೆಯುತ್ತದೆಂಬ ನಮ್ಮ ಭಯವೂ ಸುಳ್ಳಾಗಲಿಲ್ಲ. ಆರನೆಯ ದಿನ ಮೂರರಲ್ಲಿ ಒಂದು ಹಂದರ ಹಳಸಿದ ವಾಸನೆ ಬಂದು ಬಿಸಾಡಬೇಕಾಯಿತು. ಉಳಿದೆರಡರ ನೀರಿಗೆ ಕ್ರಿಮಿ ಕೊಲ್ಲುವ ಔಷಧಿ ಬೆರೆಸಿ ಮುಂದುವರಿದೆವು. ಒಂಬತ್ತನೆಯ ದಿನ ನೀರು ನೀರಾಗಿಯೇ ಉಳಿಯಿತು. ಅಕ್ಕ ಮೂರು ಸಲ ಅಲ್ಲಾಡಿಸಿದರು, ಬಾಟಲಿಯನ್ನು ಕಿವಿಯ ಹತ್ತಿರ ಹಿಡಿದರು, ಮುಚ್ಚಳ ತೆಗೆದು ಮೂಸಿದರು.

"ಪಾಸ್" ಎಂದರು. ನಾನು ಪರೀಕ್ಷೆಗಳಲ್ಲಿ ಎಷ್ಟೋ ಸಲ ಪಾಸಾಗಿದ್ದೇನೆ, ಆವತ್ತಿನಷ್ಟು ಸಂತೋಷ ಯಾವಾಗಲೂ ಆಗಿಲ್ಲ.

ಸಾಕಷ್ಟು ಜೀವಕೋಶ ಮತ್ತೆ ಬೆಳೆಸಲು ಮೂರು ವಾರ ಹಿಡಿಯಿತು. ಒಂದು ಹಂದರವನ್ನು ಹಾಗೇ ಬರಿದಾಗಿ ಇಟ್ಟು, ಇನ್ನೊಂದಕ್ಕೆ ಅವನ್ನು ಬಿಟ್ಟೆವು. ಎರಡನೆಯ ದಿನ ಅವು ದುಂಡಗಾಗಲಿಲ್ಲ. ಮೂರನೆಯ ದಿನ ಹೊರಬಂದ ನೀರನ್ನು ಸೂಕ್ಷ್ಮದರ್ಶಕದಡಿ ಇಟ್ಟು ಹುಡುಕಿದೆ, ಸತ್ತವು ಬೆರಳೆಣಿಕೆಯಷ್ಟು. ಹತ್ತು ದಿನ ಆಹಾರದ ದ್ರವ ಹರಿಸಿದೆವು, ವೇಗವನ್ನು ಸರ್ ತಾವೇ ದಿನಕ್ಕೆ ಒಂದು ಗೆರೆಯಷ್ಟೇ ಏರಿಸುತ್ತಿದ್ದರು. 'ಗುಂಡಿ ಮುಟ್ಟಬೇಡ' ಚೀಟಿ ಹಾಗೇ ಇತ್ತು.

ಸಮಿತಿಯವರು ಮೂವರು ಬಂದರು. ಅವರು ಹೋಟೆಲಿನಿಂದ ಆಸ್ಪತ್ರೆ ತಲುಪುವುದೇ ಎರಡು ತಾಸು ತಡವಾಯಿತು, ದಾರಿಯಲ್ಲಿ ಅದಿರಿನ ಲಾರಿಗಳ ಸಾಲು. ಅಂದು ಅಕ್ಕನ ಡಯಾಲಿಸಿಸ್ ದಿನವೂ ಹೌದು. ಮುಗಿಸಿಕೊಂಡು ಮೇಲೆ ಬಂದು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ಸಮಿತಿಯ ಹಿರಿಯರು ಈಕೆ ಯಾರೆಂದು ಹುಬ್ಬೇರಿಸಿದಾಗ ಸರ್ "ನಮ್ಮ ಗುಣಮಟ್ಟ ಪರೀಕ್ಷಕರು" ಎಂದುಬಿಟ್ಟರು. ಅಕ್ಕ ಬುರ್ಖಾ ಸರಿಮಾಡಿಕೊಂಡು ನೆಟ್ಟಗೆ ಕೂತರು.

ಚಾಚಾ ಕೊಟ್ಟು ಕಳಿಸಿದ್ದ ಕುರಿಯ ರಕ್ತಕ್ಕೆ ಪಾತ್ರೆಯಲ್ಲಿ ಕಟ್ಟದಷ್ಟೇ ಔಷಧಿ ಬೆರೆಸಿದ್ದೆವು, ಅದನ್ನು ಬೆಚ್ಚಗೆ ಮಾಡಿ ಮೊದಲು ಬರಿಯ ಹಂದರಕ್ಕೆ ಬಿಟ್ಟೆವು. ಏಳನೆಯ ನಿಮಿಷಕ್ಕೆ ಅದು ಕಪ್ಪಗಾಗಿ ಕಟ್ಟಿಕೊಂಡಿತು. ಆಮೇಲೆ ಅಸ್ತರ ಕೊಟ್ಟ ಹಂದರಕ್ಕೆ ಬಿಟ್ಟೆವು. ಬಿಳಿ ಮೂತ್ರಪಿಂಡ ಮಧ್ಯದಿಂದ ಅಂಚಿನವರೆಗೆ ಕೆಂಪೇರುತ್ತ ಹೋಯಿತು, ಆಚೆ ನಾಳದಿಂದ ಹನಿ ಬೀಳತೊಡಗಿತು. ಹೊರಬರುವ ಹನಿಗಳನ್ನು ಎಣಿಸಲು ಸರ್ ಕೊಳವೆಯ ತುದಿಗೆ ಒಂದು ಗಾಜಿನ ಕೋಶ ಕೂರಿಸಿ ಅದಕ್ಕೆ ಬೆಳಕಿನ ಕಣ್ಣು ಜೋಡಿಸಿದ್ದರು, ಎಣಿಕೆ ಪರದೆಯ ಮೇಲೆ ಬರುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು, ಮೂವತ್ತೈದು.

ನಲವತ್ತೊಂದನೆಯ ನಿಮಿಷಕ್ಕೆ ಪರದೆಯ ಮೇಲಿನ ಅಂಕಿ ಇಳಿಯಿತು. ನೋಡನೋಡುತ್ತ ಸೊನ್ನೆಯಾಯಿತು. ಗಾಜಿನ ಕೋಶ ಪೂರಾ ಕೆಂಪಾಗಿ ಒಳಗೇನೂ ಕಾಣುತ್ತಿರಲಿಲ್ಲ.

"ಕಟ್ಟಿಕೊಂಡಿತು" ಎಂದು ಹಿರಿಯರು ಪೆನ್ನು ತೆಗೆದರು. ಸರ್ ಕುರ್ಚಿಯ ಬೆನ್ನು ಹಿಡಿದುಕೊಂಡರು. ನನ್ನ ಕೈ ತಾನಾಗಿಯೇ ಪಂಪಿನ ಗುಂಡಿಯ ಮೇಲೆ ಹೋಯಿತು. ಸ್ವಲ್ಪ ವೇಗ ಏರಿಸಿದರೆ ಹೆಪ್ಪು ತಳ್ಳಿಕೊಂಡು ಹೋದೀತು, ಇನ್ನು ಹತ್ತೊಂಬತ್ತೇ ನಿಮಿಷ, ಇಷ್ಟೇ ತಲೆಯಲ್ಲಿ. ಚೀಟಿಯ ಮೇಲೇ ಬೆರಳಿತ್ತು.

"ತಡೀರಿ! ಮುಟ್ಟಬ್ಯಾಡ್ರಿ!" ಅಕ್ಕ ಸ್ಟೂಲಿನಿಂದ ಎದ್ದಿದ್ದರು. ಡಯಾಲಿಸಿಸ್ ಮುಗಿದ ದಿನ ಗೋಡೆ ಹಿಡಿದು ನಡೆಯುವ ಹೆಂಗಸು ನಾಲ್ಕೇ ಹೆಜ್ಜೆಯಲ್ಲಿ ಟ್ರಾಲಿಯ ಹತ್ತಿರ ಬಂದರು. "ಸಾಹೇಬ್ರ, ಪೈಪಿನ ಮ್ಯಾಲೆ ಬೆರಳು ಇಡ್ಲೇನು? ಹೊರಗಿಂದ?"

ಸರ್ ತಲೆಯಾಡಿಸಿದರು. ನಾನು ಕೈಗವಸು ಚಾಚಿದೆ. "ಅದು ಹಾಕ್ಕೊಂಡ್ರ ಗೊತ್ತಾಗಂಗಿಲ್ಲ" ಎಂದು, ಅಲ್ಲೇ ಸಿಂಕಿನಲ್ಲಿ ಕೈ ತೊಳೆದು ಬಂದು, ಮೂತ್ರಪಿಂಡದೊಳಗೆ ಹೋಗುವ ಮೆತ್ತನೆಯ ಕೊಳವೆಯ ಮೇಲೆ ಎರಡು ಬೆರಳಿಟ್ಟರು. ಕಣ್ಣು ಮುಚ್ಚಿದರು. ಆಮೇಲೆ ಹೊರಬರುವ ಕೊಳವೆಯ ಮೇಲೆ ಇಟ್ಟರು.

"ಗುದ್ದವಲ್ದು. ಜುಂ ಅನ್ನಾಕತ್ತೈತಿ. ಎರಡೂ ಕಡೆ ಐತಿ." ಕಣ್ಣು ತೆರೆದು ನನ್ನನ್ನು ನೋಡಿದರು. "ನಿಂತಿಲ್ರಿ. ಓಡಾಕತ್ತೈತಿ. ನಿಮ್ಮ ಗಾಜು ಹೊಲಸಾಗೈತಿ, ಅಷ್ಟ."

ಸರ್ ಕೋಶವನ್ನು ಬಿಡಿಸಿ, ಕೊಳವೆಯ ತುದಿಯನ್ನು ಅಳತೆಯ ಗಾಜಿಗೆ ಹಿಡಿದರು. ರಕ್ತ ಮೊದಲಿನ ಹಾಗೇ ಹನಿಹನಿಯಾಗಿ ಇಳಿಯುತ್ತಿತ್ತು. ಕೋಶದ ಒಳಗೋಡೆಗೆ ರಕ್ತದ ತೆಳು ಪದರ ಹಿಡಿದು ಬೆಳಕಿನ ಕಣ್ಣು ಕುರುಡಾಗಿತ್ತು. ಹಿರಿಯರು ತಾವೇ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಉಳಿದ ನಿಮಿಷಗಳನ್ನು ಅಳತೆಯ ಗಾಜಿನಲ್ಲೇ ಎಣಿಸಿದರು. ಗಂಟೆ ತುಂಬಿತು. ಇನ್ನೂ ಹತ್ತು ನಿಮಿಷ ಓಡಿಸಿ ಎಂದರು, ಓಡಿತು. ಆಮೇಲೆ ಕಾಗದಕ್ಕೆ ಸಹಿ ಹಾಕಿದರು.

ಅವರು ಕೆಳಗಿಳಿದ ಮೇಲೆ ಸರ್ ಬಂದು ಅಕ್ಕನ ಮುಂದೆ ಕೈಮುಗಿದರು, ಆ ವಯಸ್ಸಿನಲ್ಲಿ, ಬಗ್ಗಿ. ನಾನು ಮಾತ್ರ ಪಂಪಿನ ಪಕ್ಕದಲ್ಲೇ ನಿಂತಿದ್ದೆ. ನಾನು ಆ ಗುಂಡಿ ತಿರುಗಿಸಿದ್ದರೆ ನಾಳಗಳು ಒಡೆದುಹೋಗುತ್ತಿದ್ದವು, ಓಡುತ್ತಿದ್ದ ರಕ್ತವನ್ನು ನಾನೇ ನಿಲ್ಲಿಸಿರುತ್ತಿದ್ದೆ. ಇದು ಆಕೆಗೂ ಗೊತ್ತಿತ್ತು.

"ಸಿರುಗುಪ್ಪ ಬಸ್ಸಿಗೆ ಇನ್ನಾ ಟೈಮೈತಿ" ಎಂದರು ಅಕ್ಕ. "ಬರ್ರಿ ಇಲ್ಲಿ."

ಕೈಗವಸು ಕಳಚಿ ಹತ್ತಿರ ಹೋದೆ. ಬುರ್ಖಾದ ತೋಳನ್ನು ಮೇಲೆ ಸರಿಸಿ, ಸೂಜಿ ಚುಚ್ಚಿದ ಪಟ್ಟಿಗಳ ನಡುವೆ ನನ್ನ ಎರಡು ಬೆರಳುಗಳನ್ನು ಹಿಡಿದು ಇಟ್ಟು ಒತ್ತಿದರು. ಇಷ್ಟು ವಾರ ಪಕ್ಕದಲ್ಲಿ ಕೂತವಳು ನಾನು, ಒಮ್ಮೆಯೂ ಆ ಕೈ ಮುಟ್ಟಿರಲಿಲ್ಲ. ಚರ್ಮದ ಕೆಳಗೆ, ಬೆಚ್ಚಗೆ, ಎಡೆಬಿಡದೆ ಜುಂ ಎನ್ನುತ್ತಿತ್ತು.

"ಈಗ ಆ ಪೈಪು ಮುಟ್ರಿ" ಎಂದರು.

ಇನ್ನೊಂದು ಕೈಯನ್ನು, ಇನ್ನೂ ಓಡುತ್ತಿದ್ದ ಕೊಳವೆಯ ಮೇಲೆ ಇಟ್ಟೆ.

"ಎರಡೂ ಒಂದ ಥರ ಐತಿಲ್ಲ?"

"ಹೌದ್ರಿ ಅಕ್ಕಾ" ಎಂದೆ. "ಒಂದ ಥರ ಐತಿ."